ಗುಲ್ಲು ಮಾಡದ ಗುಲ್ಲವ್ವ

ಶ್ರೀವಲ್ಲಭ ತಂಗಿಯ ಮನೆಯ ಬಾಗಿಲು ಒಡೆಸಿದ್ದು ಯುಗಾದಿ ಕಳೆದ ಮೇಲಿನ ಒಂದು ಉರಿಬಿಸಿಲ ಮಧ್ಯಾಹ್ನ. ಸಿಂದಗಿಯಲ್ಲಿ ವಕೀಲಿ ಮಾಡುವ ಅವನು ಯಾವುದೋ ಕೇಸಿನ ಕೆಲಸಕ್ಕೆಂದು ಬಸವನ ಬಾಗೇವಾಡಿಗೆ ಬಂದಿದ್ದ. ತಂಗಿ ಮುಕ್ತಾಳ ಮನೆಯಲ್ಲಿ ಊಟ ಮಾಡಿಕೊಂಡು ಹೋದರಾಯಿತು ಎಂದು ಬಂದು ಬೆಲ್ ಒತ್ತಿದ, ಚಿಲಕ ಬಡಿದ, ಕಿಟಕಿಗೆ ಬಾಯಿ ಇಟ್ಟು ಕೂಗಿದ. ಫೋನ್ ಹಚ್ಚಿದರೆ ಅದು ಒಳಗೆಲ್ಲೋ ಗುರ್ರೆನ್ನುವುದು ಅವನಿಗೇ ಕೇಳುತ್ತಿತ್ತು. ಬಿಸಿಲಿಗಿಂತ ಹೆಚ್ಚಾಗಿ ಹೆದರಿಕೆಯಿಂದ ಅವನ ಅಂಗಿ ಒದ್ದೆಯಾಯಿತು. ಪಕ್ಕದ ಮನೆಯ ಗುಲನಾಜಳನ್ನು ಕರೆದ. ಆಕೆ ಓಣಿಯ ಗಂಡಸರನ್ನು ಕರೆದಳು. ಹಾರೆ ಹಾಕಿ ಬಾಗಿಲು ಮೀಟಿ, ಎಲ್ಲರೂ ಒಳಗೆ ನುಗ್ಗಿ, ಅಡಿಗೆಮನೆ ದಾಟಿ ಹಿತ್ತಲಿಗೆ ಬಂದರೆ, ಮುಕ್ತಾ ಬೇವಿನ ನೆರಳಿನಲ್ಲಿ ಇವರಿಗೆ ಬೆನ್ನು ಮಾಡಿ ಕುಳಿತು, ದಾಸವಾಳದ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

ಮುಕ್ತಾಳಿಗೆ ಕಿವಿ ಕೇಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಕಿವಿಗೆ ಹಾಕುವ ಮಷಿನ್ನಿನಿಂದಲೂ ಉಪಯೋಗವಾಗಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುವುದನ್ನು ಅವಳು ಕಲಿತಿದ್ದಳು. ಬೆಲ್ ಒತ್ತಿದರೆ ಬಾಗಿಲ ಒಳಬದಿಯಲ್ಲಿ ಒಂದು ಸಣ್ಣ ದೀಪ ಮಿನುಗುತ್ತಿತ್ತು, ಆದರೆ ಹಿತ್ತಲಿನಲ್ಲಿದ್ದರೆ ಅದು ಕಾಣುತ್ತಿರಲಿಲ್ಲ. ತಾನು ಮಾತಾಡುವುದಕ್ಕೆ ಏನೂ ತೊಂದರೆ ಇರಲಿಲ್ಲ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು, ಈಗಲೂ ಕಲಿಸುತ್ತಾಳೆ. ಗಂಡ ತೀರಿಹೋದ ಮೇಲೆ ಒಬ್ಬಳೇ ಇದ್ದಳು. ಆ ಮನೆ, ಆ ಹಿತ್ತಲು, ಆ ಶಾಲೆ ಬಿಟ್ಟು ಎಲ್ಲಿಗೂ ಹೋಗುವ ಮನಸ್ಸು ಅವಳಿಗಿರಲಿಲ್ಲ.

ಗಂಡಸರು ಹೋದ ಮೇಲೆ ಅಣ್ಣ ಅವಳ ಎದುರು ಕುರ್ಚಿ ಎಳೆದುಕೊಂಡು ಕುಳಿತ.

"ಸತ್ತಿ ಅಂತ ತಿಳಕೊಂಡಿದ್ದೆ ಮುಕ್ತಾ. ಇನ್ನ ಸಾಕು. ನಡಿ, ನಮ್ಮ ಮನಿಗೆ ಬಂದ್ಬಿಡು. ಅವ್ವನೂ ಅಲ್ಲೇ ಇದ್ದಾಳ."

"ನನ್ನ ಸಾಲಿ ಇಲ್ಲೇ ಅದ, ನನ್ನ ಮನಿ ಇಲ್ಲೇ ಅದ. ಅಲ್ಲಿ ಬಂದು ನಾ ಏನ್ ಮಾಡಲಿ ಅಣ್ಣಾ? ಟಿವಿ ಮುಂದ ಕೂಡಲ್ಯಾ?"

"ಮತ್ತ ಒಬ್ಬಾಕಿನ ಹಿಂಗ ಇದ್ರ ಹ್ಯಾಂಗ? ನಾಳೆ ಕಳ್ಳ ಬರ್ತಾನ. ಬೆಂಕಿ ಹತ್ತತದ. ನಿನಗ ಯಾರು ಹೇಳೋರು?"

ಆ ಹೆದರಿಕೆ ಮುಕ್ತಾಳಿಗೂ ಇತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಈಗ ಅವಳೇ ಅಂದಳು: "ಒಂದು ನಾಯಿ ಸಾಕ್ತೀನಿ."

ಶ್ರೀವಲ್ಲಭನಿಗೆ ಈ ಮಾತು ಹಿಡಿಸಿತು. ಅವನಿಗೆ ನಾಯಿ ಎಂದರೆ ಒಳ್ಳೆಯ ಜಾತಿಯ ನಾಯಿ. ಹೊರ್ತಿಯಲ್ಲಿ ಅವನ ಕಕ್ಷಿದಾರ ಇಬ್ರಾಹಿಂಸಾಬ ಜರ್ಮನ್ ಶೆಫರ್ಡ್ ನಾಯಿಗಳನ್ನು ಸಾಕಿ ಮರಿ ಮಾಡಿಸಿ ಕೊಡುತ್ತಿದ್ದ. ಸೋಲಾಪುರದಿಂದೆಲ್ಲ ಜನ ಅವನಲ್ಲಿಗೆ ಬರುತ್ತಿದ್ದರು. ಶ್ರೀವಲ್ಲಭ ಅಲ್ಲಿಂದಲೇ ಅವನಿಗೆ ಫೋನ್ ಮಾಡಿ, ಒಂದು ಮರಿ ತೆಗೆದಿಡು ಎಂದು ಹೇಳಿದ.

ಅದೇ ಸಂಜೆ ಮುಕ್ತಾ ತನ್ನ ಹಳೆಯ ವಿದ್ಯಾರ್ಥಿನಿ ಯಾಸ್ಮಿನಳಿಗೆ ಮೆಸೇಜು ಕಳಿಸಿದಳು. ಯಾಸ್ಮಿನ ಈಗ ಇಂಡಿಯಲ್ಲಿ ಪಶುವೈದ್ಯೆ. ಗಾಯಗೊಂಡ, ಬೀದಿಗೆ ಬಿದ್ದ ನಾಯಿಗಳನ್ನು ತಂದು, ಊರ ಹೊರಗಿನ ಒಂದು ನಿಂಬೆ ತೋಟದ ಪಕ್ಕ ತಗಡಿನ ಶೆಡ್ಡು ಹಾಕಿ, ಗೆಳತಿಯರ ಜೊತೆ ಸೇರಿ ನೋಡಿಕೊಳ್ಳುತ್ತಿದ್ದಳು. ಉತ್ತರ ಕೂಡಲೇ ಬಂತು: "ಟೀಚರ್, ಮರಿ ತಗೊಳ್ಳೂ ಮೊದಲು ಒಂದ್ ಸಲ ಇಲ್ಲಿಗೂ ಬರ್ರಿ. ನೀವು ನೋಡಬೇಕಾದಾಕಿ ಒಬ್ಬಾಕಿ ಅದಾಳ."

ಮುಂದಿನ ಭಾನುವಾರ ಅಣ್ಣ ತಂಗಿ ಕಾರಿನಲ್ಲಿ ಹೊರಟರು. ಮೊದಲು ಹೊರ್ತಿ, ಆಮೇಲೆ ಇಂಡಿ. ಇಂಡಿಯ ಶೆಡ್ಡನ್ನು ನೋಡಲು ಶ್ರೀವಲ್ಲಭ ಒಪ್ಪಿದ್ದು ಅದು ಹೊರ್ತಿಗೆ ಹತ್ತಿರವೇ ಇದೆಯೆಂಬ ಕಾರಣಕ್ಕೆ ಮಾತ್ರ.

ಇಬ್ರಾಹಿಂಸಾಬನ ತೋಟ ಹೆದ್ದಾರಿಗೆ ಹತ್ತಿಕೊಂಡೇ ಇತ್ತು. ನಾಯಿಗಳಿಗೆ ಸಿಮೆಂಟಿನ ಕೋಣೆಗಳು, ಫ್ಯಾನು, ತೊಳೆದ ನೆಲ. ಎಲ್ಲಿಯೂ ನಾತವಿರಲಿಲ್ಲ. ಇಬ್ರಾಹಿಂಸಾಬ ಬಿಳಿ ಪೈಜಾಮದಲ್ಲಿ ಗೇಟಿನವರೆಗೆ ಬಂದು ಕರೆದುಕೊಂಡು ಹೋದ.

"ಬರ್ರಿ ವಕೀಲ್ರ, ಬರ್ರಿ ಬಾಯಾರ. ತಾಯಿ ತಂದಿ ಎರಡೂ ಇಲ್ಲೇ ಅದಾವ್ರಿ. ಮೊದ್ಲು ಅವನ್ನ ನೋಡ್ರಿ, ಆಮ್ಯಾಲ ಮರಿ ನೋಡ್ರಿ."

ಮುಕ್ತಾ ಅಲ್ಲಿಗೆ ಮನಸ್ಸು ಬಿಗಿ ಹಿಡಿದುಕೊಂಡು ಬಂದಿದ್ದಳು. ಆದರೆ ಮರಿಗಳನ್ನು ಬಿಟ್ಟ ಕೂಡಲೇ ಆ ಬಿಗಿ ಸಡಿಲಾಯಿತು. ದಪ್ಪ ಪಾದದ ಒಂದು ಹೆಣ್ಣುಮರಿ ಅವಳ ಸೀರೆಯ ಅಂಚು ಕಚ್ಚಿ ಎಳೆದು, ತಾನೇ ಉರುಳಿಬಿದ್ದು, ಮತ್ತೆ ಬಂದು ಎಳೆಯಿತು. ಅವಳು ಅದನ್ನು ಎತ್ತಿಕೊಂಡಳು. ಬೆಚ್ಚಗಿನ ಹೊಟ್ಟೆ, ಹಾಲಿನ ವಾಸನೆ. ಇದೇ ಆಗಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಯಾರೋ ಅವಳ ರಟ್ಟೆ ಹಿಡಿದು ಜಗ್ಗಿದರು.

ಅಣ್ಣ ಜಗ್ಗಿದ್ದ. ಅವಳ ಬೆನ್ನ ಹಿಂದೆ ಗೊಬ್ಬರ ತುಂಬಿದ ಟ್ರ್ಯಾಕ್ಟರೊಂದು ಹಿಮ್ಮುಖವಾಗಿ ತೋಟದೊಳಗೆ ಬರುತ್ತಿತ್ತು. ಟ್ರಾಲಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ಸುತ್ತ ನೋಡಿದಳು. ಎಲ್ಲ ಕೋಣೆಗಳ ನಾಯಿಗಳೂ ಸರಳಿಗೆ ಮುಂಗಾಲು ಹಚ್ಚಿ ನಿಂತಿದ್ದವು. ಅವುಗಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಶ್ರೀವಲ್ಲಭ ಕಿವಿ ಮುಚ್ಚಿಕೊಂಡು ನಗುತ್ತಿದ್ದ.

"ನೋಡಿದೇನು ದನಿ? ಓಣಿ ಎಲ್ಲಾ ಎದ್ದು ಕೂಡತದ!"

ಓಣಿ ಎದ್ದು ಕೂಡುತ್ತದೆ, ನಾನು ಕೂಡುವುದಿಲ್ಲ ಎಂದು ಮುಕ್ತಾಳಿಗೆ ಹೊಳೆಯಿತು. ಇಷ್ಟು ನಾಯಿಗಳು ಸೇರಿ ಜಗತ್ತಿಗೆಲ್ಲ ಸಾರಿದ್ದವು, ಅವಳೊಬ್ಬಳನ್ನು ಬಿಟ್ಟು. ಅವಳು ಮರಿಯನ್ನು ಎದೆಗೆ ಒತ್ತಿಕೊಂಡೇ ಕೇಳಿದಳು:

"ಇಬ್ರಾಹಿಂಸಾಬ್ರ, ಇದು ಬೊಗಳೋದು ಬಿಟ್ಟು, ಬಂದು ನನ್ನ ಮುಟ್ಟಿ ಹೇಳ್ತದೇನ್ರಿ? ಯಾರೋ ಬಂದಾರ, ಏನೋ ಆಗೇದ ಅಂತ?"

ಇಬ್ರಾಹಿಂಸಾಬ ಗಡ್ಡ ನೀವಿಕೊಂಡು, ಅವಳಿಗೆ ತುಟಿ ಕಾಣುವಂತೆ ಎದುರಿಗೆ ಬಂದು ನಿಂತು ಹೇಳಿದ: "ಶಾಣೇ ಜಾತಿ ಐತ್ರಿ, ಕಲಿಸಿದ್ರ ಕಲೀಬಹುದು. ಆದ್ರ ನಾ ಕಾವಲಿಗೆ ಅಂತ ಸಾಕಿದ್ ತಳಿ ಇದು. ಬೊಗಳೂದು ಇದರ ರಕ್ತದಾಗ ಐತಿ. ನಿಮ್ಗ ಬೇಕಾದಂಗ ಆಗ್ತತಿ ಅಂತ ನಾ ಮಾತು ಕೊಡಂಗಿಲ್ರಿ ಬಾಯಾರ. ಇಂಡಿಗೆ ಹೊಂಟೀರಂತಲ್ಲ, ಅಲ್ಲೂ ನೋಡ್ರಿ. ಮರಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಮರಿಯನ್ನು ಕೆಳಗೆ ಬಿಡುವಾಗ ಮುಕ್ತಾಳಿಗೆ ಸಂಕಟವಾಯಿತು. ಕಾರಿನಲ್ಲಿ ಕೂತ ಮೇಲೂ ಸೀರೆಗೆ ಅದರ ವಾಸನೆ ಹತ್ತಿಕೊಂಡಿತ್ತು.

ಇಂಡಿಯ ಶೆಡ್ಡು ಹೊರ್ತಿಯ ತೋಟದಂತಿರಲಿಲ್ಲ. ತಗಡು ಕಾದಿತ್ತು. ಒಂದು ನಾಯಿಗೆ ಕಾಲಿಲ್ಲ, ಇನ್ನೊಂದಕ್ಕೆ ಮೈಮೇಲೆ ಕೂದಲಿಲ್ಲ. ಶ್ರೀವಲ್ಲಭ ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಂತ. ಯಾಸ್ಮಿನ ಓಡಿ ಬಂದು ಟೀಚರ ಕೈ ಹಿಡಿದುಕೊಂಡಳು. ಇಬ್ಬರೂ ನಿಂಬೆಯ ನೆರಳಿಗೆ ನಿಂತು ಶಾಲೆಯ ಸುದ್ದಿ ಮಾತಾಡತೊಡಗಿದರು.

ಆಗ ಮುಕ್ತಾಳ ಮೊಣಕಾಲ ಹಿಂದೆ ಏನೋ ತಣ್ಣಗೆ, ಒದ್ದೆಯಾಗಿ, ಒಮ್ಮೆ ದೂಕಿತು. ತಿರುಗಿ ನೋಡಿದರೆ ಕೆಮ್ಮಣ್ಣಿನ ಬಣ್ಣದ ಒಂದು ಬೀದಿನಾಯಿ. ಕುತ್ತಿಗೆಯ ಸುತ್ತ ಕೂದಲಿಲ್ಲದ ಗಾಯದ ಗೆರೆ. ನಾಯಿ ಅವಳ ಮುಖ ನೋಡಿತು, ಆಮೇಲೆ ಗೇಟಿನ ಕಡೆ ನೋಡಿತು, ಮತ್ತೆ ಅವಳನ್ನು ನೋಡಿತು. ಗೇಟಿನಲ್ಲಿ ಬಕೆಟ್ಟು ಹಿಡಿದ ಒಬ್ಬ ಹೆಂಗಸು ನಿಂತು ಕೂಗುತ್ತಿದ್ದಳು.

"ನಾ ಹೇಳಿದಾಕಿ ಇವಳೇ, ಟೀಚರ್," ಅಂದಳು ಯಾಸ್ಮಿನ ನಾಯಿ ತೋರಿಸಿ. "ಹಂದಿ ಸಲುವಾಗಿ ಹೊಲದಾಗ ಹಾಕಿದ್ ತಂತಿ ಉರುಲಿಗೆ ಸಿಕ್ಕಿದ್ಲು. ಜೀವ ಉಳೀತು, ದನಿ ಹೋತು. ಬಾಯಿ ತಗೀತಾಳ, ಬರೇ ಗಾಳಿ ಬರ್ತೈತಿ. ಬೊಗಳಾಕ ಬರೂದಿಲ್ಲ ಅಂತ ಏನ್ ಬೇಕಾದ್ರೂ ಹಿಂಗ ಬಂದು ದೂಕ್ತಾಳ. ನೀರು ಖಾಲಿ ಆದ್ರ ದೂಕ್ತಾಳ, ಯಾರರ ಬಂದ್ರ ದೂಕ್ತಾಳ. ಚಾಷ್ಟಿಗೆ ಗುಲ್ಲವ್ವ ಅಂತ ಹೆಸರಿಟ್ಟೇವಿ."

ಮುಕ್ತಾ ಅಲ್ಲೇ ನೆಲಕ್ಕೆ ಕುಳಿತಳು. ಗುಲ್ಲವ್ವ ಹತ್ತಿರ ಬರಲಿಲ್ಲ. ಒಂದು ಕೈ ದೂರದಲ್ಲಿ ತಾನೂ ಕುಳಿತುಕೊಂಡಿತು. ಬಾಲ ಅಲ್ಲಾಡಿಸಲಿಲ್ಲ, ಮುದ್ದು ಮಾಡಿಸಿಕೊಳ್ಳಲಿಲ್ಲ. ಎತ್ತಿಕೊಂಡ ಕೂಡಲೇ ಮನಸ್ಸು ಕರಗಿಸುವ ಹೊರ್ತಿಯ ಆ ಮರಿಯೆಲ್ಲಿ, ಇದೆಲ್ಲಿ!

"ಅಣ್ಣಾ, ನಾ ಇದನ್ನ ಒಯ್ತೀನಿ," ಅಂದಳು ಮುಕ್ತಾ.

ಶ್ರೀವಲ್ಲಭ ಕರ್ಚೀಫು ತೆಗೆದ. "ತಲಿ ಕೆಟ್ಟದೇನು? ಬೊಗಳದ ನಾಯಿ ಕಟ್ಟಿಕೊಂಡು ಏನ್ ಮಾಡ್ತಿ?"

"ಬೊಗಳಿದ್ರ ನನಗ ಕೇಳ್ತದೇನು?"

ಸೋತೆನೆಂದು ಒಪ್ಪುವ ಪೈಕಿ ಅಲ್ಲ ವಕೀಲ. "ಆತು. ದೀಪಾವಳಿ ತನಕ ನೋಡ್ತೀನಿ. ಇದು ಉಪಯೋಗಕ್ಕ ಬರಲಿಲ್ಲ ಅಂದ್ರ ನೀ ಸುಮ್ಮನ ಸಿಂದಗಿಗೆ ಬರಬೇಕು. ಮಾತು?"

"ಮಾತು," ಅಂದಳು ಮುಕ್ತಾ.

ಆ ಮಾತು ಕೊಟ್ಟದ್ದು ತಪ್ಪಾಯಿತೇನೋ ಎಂದು ಅವಳಿಗೆ ಅನಿಸಲು ತಡವಾಗಲಿಲ್ಲ. ಬಾಗೇವಾಡಿಗೆ ಬಂದ ಗುಲ್ಲವ್ವ ಮಂಚದ ಕೆಳಗೆ ಸೇರಿಕೊಂಡಿತು. ಬೆಲ್ ಆದರೆ ಇನ್ನಷ್ಟು ಒಳಗೆ ಸರಿಯುತ್ತಿತ್ತು. ಯಾರೂ ನೋಡದಾಗ ಹೊರಬಂದು ಬಣ್ಣದ ಬಳಪಗಳನ್ನು ತಿಂದುಹಾಕಿತು. ಹಿತ್ತಲ ತುಂಬ ನೀಲಿ ಹೊಲಸು. ಶಾಲೆಯ ಮಕ್ಕಳ ಚಿತ್ರಗಳ ಒಂದು ಕಟ್ಟನ್ನು ಹರಿದು ಅದರ ಮೇಲೆ ಮಲಗಿತು. ಒಂದು ಬೆಳಿಗ್ಗೆ ಹಾಲಿನ ಧರ್ಮರಾಜ ಬಾಗಿಲು ಬಡಿದು ಬಡಿದು ಬೇಸತ್ತು ಹಾಲು ಹಾಕದೆ ಹೋದ. ನಾಯಿ ಮಂಚದ ಕೆಳಗಿತ್ತು. ಅಂದು ಮುಕ್ತಾ ಕರಿ ಚಹಾ ಕುಡಿಯುತ್ತ, ಹೊರ್ತಿಯ ಮರಿಯನ್ನು ನೆನೆದು, ಇನ್ನೂ ಅಲ್ಲೇ ಇದೆಯೋ ಕೊಟ್ಟುಬಿಟ್ಟರೋ ಎಂದು ಯೋಚಿಸಿದಳು.

ಯಾಸ್ಮಿನಳಿಗೆ ಬರೆದಳು. ಯಾಸ್ಮಿನ ಬರೆದಳು: "ಆಕಿಗೆ ಮನಿ ಅಂದ್ರ ಏನಂತನ ಗೊತ್ತಿಲ್ಲ ಟೀಚರ್. ಮೊದ್ಲು ಹೆದರಿಕಿ ಹೋಗ್ಲಿ. ಆಮ್ಯಾಲ ಸಪ್ಪಳ ಆದಾಗೆಲ್ಲ ತಿನ್ನಾಕ ಕೊಡ್ರಿ. ಸಪ್ಪಳ ಅಂದ್ರ ಒಳ್ಳೇದು ಅಂತ ತಿಳೀಬೇಕು."

ಬೇಸಿಗೆ ರಜೆ ಇತ್ತು. ಮುಕ್ತಾ ಮಂಚದ ಪಕ್ಕ ಚಾಪೆ ಹಾಸಿಕೊಂಡು ಅಲ್ಲೇ ಚಿತ್ರ ಬರೆಯತೊಡಗಿದಳು. ನಾಯಿಯ ಕಡೆ ನೋಡುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಒಂದು ದಿನ ಅವಳ ಪಾದದ ಮೇಲೆ ಭಾರ ಬಿತ್ತು. ಗುಲ್ಲವ್ವ ಗದ್ದ ಇಟ್ಟು ಮಲಗಿತ್ತು. ಕಾಲು ಜೋಮು ಹಿಡಿದರೂ ಮುಕ್ತಾ ಅಲುಗಲಿಲ್ಲ.

ಆಮೇಲೆ ಪಾಠ ಶುರುವಾಯಿತು. ಗುಲನಾಜ ದಿನಾ ತನ್ನ ಕೆಲಸ ಮುಗಿಸಿ ಬಂದು ಹೊರಗೆ ನಿಂತು ಬೆಲ್ ಒತ್ತುತ್ತಿದ್ದಳು. ಒಳಗೆ ಮುಕ್ತಾ ಬಾಗಿಲಿಗೆ ಬೆನ್ನು ಮಾಡಿ, ಕೈಯಲ್ಲಿ ಸಜ್ಜಿ ರೊಟ್ಟಿಯ ತುಂಡು ಹಿಡಿದು ಕೂರುತ್ತಿದ್ದಳು. ಬೆಲ್ಲಿನ ಆ ಸಣ್ಣ ದೀಪ ಎದುರಿನ ಕನ್ನಡಿಯಲ್ಲಿ ಮಿನುಗಿದಾಗ ರೊಟ್ಟಿ ಕೊಡುವುದು. ಕೆಲವು ದಿನ ಹೀಗೆ ಕೊಟ್ಟು, ಮೊಣಕಾಲಿಗೆ ದೂಕಿದರೆ ಮಾತ್ರ ಕೊಡುವುದು. ರೊಟ್ಟಿಗೆ ಗುಲ್ಲವ್ವ ಅಷ್ಟಾಗಿ ಬಗ್ಗಲಿಲ್ಲ. ಗುಲನಾಜ ಗೋಡೆಯಾಚೆ ಕದ್ದು ಬೇಯಿಸಿದ ತತ್ತಿ ತಿನಿಸಿದ ಮೇಲೆ ಕಲಿಕೆ ಜೋರಾಯಿತು.

"ನಿಮ್ಮ ಮನ್ಯಾಗ ತತ್ತಿ ನಡ್ಯಂಗಿಲ್ಲ ಅಂತ ಗೊತ್ರಿ ಟೀಚರ್," ಅಂದಳು ಗುಲನಾಜ ನಗುತ್ತ. "ಅದಕ್ಕ ನಮ್ಮ ಮನ್ಯಾಗ ತಿನಸೇನಿ. ಅಭ್ಯಾಸ ನಿಮ್ಮಲ್ಲಿ, ಊಟ ನಮ್ಮಲ್ಲಿ!"

ಶಾಲೆ ತೆರೆಯುವ ಮುಂಚಿನ ಒಂದು ಬೆಳಿಗ್ಗೆ ಮುಕ್ತಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಮೊಣಕಾಲಿಗೆ ಮೂಗು ತಾಕಿತು. ಗುಲ್ಲವ್ವ ಮನೆಯೊಳಗೆ ಓಡಿ, ತಿರುಗಿ ನೋಡಿ, ಮತ್ತೆ ಓಡಿತು. ಮುಕ್ತಾ ಕೈ ಒರೆಸಿಕೊಳ್ಳದೆ ಹೋಗಿ ಬಾಗಿಲು ತೆರೆದಳು. ಧರ್ಮರಾಜನ ಬೆರಳು ಇನ್ನೂ ಬೆಲ್ಲಿನ ಮೇಲಿತ್ತು. ಅವನು ಬೆಚ್ಚಿಬಿದ್ದು ಒಂದು ಹೆಜ್ಜೆ ಹಿಂದೆ ಸರಿದ.

"ಬಾಯಾರ! ಕಿವಿ ಬಂದ್ವೇನ್ರಿ?"

"ಬಂದ್ವು ಧರ್ಮರಾಜ," ಅಂದಳು ಮುಕ್ತಾ. "ನೋಡು, ಇಲ್ಲಿ ಬಾಲ ಅಲ್ಲಾಡಸಲಿಕ್ಕತ್ತಾವ."

ಆಮೇಲೆ ಪಾಠದೊಳಗೆ ಕುಕ್ಕರಿನ ಸೀಟಿ ಬಂತು, ಫೋನಿನ ಗುರ್ರು ಬಂತು, "ಮುಕ್ತಾ" ಎಂಬ ಹೆಸರೂ ಬಂತು. ಪ್ರತಿ ಸೀಟಿಗೂ ಗುಲ್ಲವ್ವ ಬಂದು ಒಂದು ಸಲ ದೂಕಿ ಹೋಗುತ್ತಿತ್ತು. ಎಷ್ಟೋ ಕಾಲದ ನಂತರ ಮುಕ್ತಾಳ ಮನೆಯಲ್ಲಿ ಬೇಳೆ ಹದವಾಗಿ ಬೆಂದಿತು.

ಶ್ರಾವಣದಲ್ಲಿ ತಾಯಿ ಭಾಗೀರಥೀಬಾಯಿ ಸಿಂದಗಿಯಿಂದ ಬಂದಳು. ಮಡಿ ಹೆಂಗಸು, ಸ್ನಾನ ಮಾಡಿ ಮಡಿ ಉಟ್ಟ ಮೇಲೆ ಮಗಳೂ ಮುಟ್ಟುವಂತಿಲ್ಲ, ನಾಯಿಯ ಮಾತು ದೂರವೇ ಉಳಿಯಿತು. ಬಂದವಳೇ ನಡುಮನೆಯ ಹೊಸ್ತಿಲ ಮೇಲೆ ನಿಂತು ತೀರ್ಪು ಕೊಟ್ಟಳು.

"ಇದು ಪಡಸಾಲಿ ಒಳಗ ಇರಲಿ. ಈ ಹೊಸ್ತಿಲ ದಾಟಬಾರದು. ದಾಟಿದ್ರ ನಾ ಅವತ್ತೇ ಬಸ್ ಹತ್ತೇ ಬಿಡ್ತೀನಿ."

ಗುಲ್ಲವ್ವ ಎರಡೇ ದಿನದಲ್ಲಿ ಗೆರೆ ಅರಿತುಕೊಂಡಿತು. ಹೊಸ್ತಿಲಿಗೆ ಮೂಗು ತಾಗಿಸಿ ಪಡಸಾಲೆಯಲ್ಲಿ ಮಲಗುತ್ತಿತ್ತು, ಒಂದು ಉಗುರೂ ಆಚೆ ಇಡುತ್ತಿರಲಿಲ್ಲ. ಕುಕ್ಕರು ಕೂಗಿದಾಗ ಮಾತ್ರ ಅದಕ್ಕೆ ಬಹಳ ಕಷ್ಟವಾಗುತ್ತಿತ್ತು. ಎದ್ದು ನಿಂತು ಮೈ ನಡುಗಿಸುತ್ತಿತ್ತು. ಭಾಗೀರಥೀಬಾಯಿ ಅದನ್ನು ನೋಡಿಯೂ ನೋಡದಂತೆ ತಾನೇ ಗ್ಯಾಸು ಆರಿಸುತ್ತಿದ್ದಳು.

ಗೋಕುಲಾಷ್ಟಮಿಯ ಮುನ್ನಾದಿನ ತಾಯಿ ಚಕ್ಕುಲಿ ಮಾಡಲು ಕೂತಳು. ಒಲೆಯ ಮೇಲೆ ಬಾಣಲೆ ತುಂಬ ಎಣ್ಣೆ ಇಟ್ಟು, ಕಾಯುವುದರೊಳಗೆ ಕೈಗೆ ಹತ್ತಿದ ಹಿಟ್ಟು ತೊಳೆದು ಬರೋಣವೆಂದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಳೆಗೆ ಆ ಬಾಗಿಲು ಉಬ್ಬಿತ್ತು. ಹೊರಬರಲು ನೋಡಿದರೆ ಚಿಲಕ ಸರಿಯಲಿಲ್ಲ. ಜಗ್ಗಿದಳು, ಕೂಗಿದಳು, ತಂಬಿಗೆಯಿಂದ ಬಾಗಿಲು ಬಡಿದಳು. ಎಣ್ಣೆಯ ನೆನಪಾಗಿ ಇನ್ನಷ್ಟು ಜೋರಾಗಿ ಬಡಿದಳು. ಮಗಳು ಪಡಸಾಲೆಯಲ್ಲಿಯೇ ಇದ್ದಾಳೆ, ಎಷ್ಟು ಕೂಗಿದರೂ ಅವಳಿಗೆ ಮುಟ್ಟುವುದಿಲ್ಲ.

ಮುಕ್ತಾ ಮಕ್ಕಳ ಚಿತ್ರಗಳನ್ನು ತಿದ್ದುತ್ತಿದ್ದಳು. ಮೊಣಕಾಲಿಗೆ ಮೂಗು ತಾಕಿತು. ಬಾಗಿಲ ಕಡೆ ನೋಡಿದಳು, ಯಾರೂ ಇಲ್ಲ. "ಈಗ ಬ್ಯಾಡ," ಎಂದು ನಾಯಿಯನ್ನು ಸರಿಸಿದಳು. ಅದು ಮತ್ತೆ ದೂಕಿತು, ಈ ಸಲ ಜೋರಾಗಿ. "ಹಸಿವಿ ಆಗೇದೇನು? ತಡಿ." ಗುಲ್ಲವ್ವ ಅವಳ ಸೀರೆ ಕಚ್ಚಿ ಎಳೆಯಿತು. ಎಂದೂ ಹಾಗೆ ಮಾಡಿದ್ದಿಲ್ಲ. ಮುಕ್ತಾ ತಲೆ ಎತ್ತುವಷ್ಟರಲ್ಲಿ ಅದು ಸೀರೆ ಬಿಟ್ಟು ಓಡಿತು. ಹೊಸ್ತಿಲ ಬಳಿ ಅರೆಕ್ಷಣ ನಿಂತಿತು. ಆಮೇಲೆ ಹಾರಿ ಒಳಗೆ ಹೋಯಿತು.

"ಅಯ್ಯೋ, ಅವ್ವನ ಮಡಿ!" ಎಂದು ಮುಕ್ತಾ ಅದರ ಹಿಂದೆ ಓಡಿದಳು.

ಅಡಿಗೆಮನೆಯ ತುಂಬ ಕಪ್ಪು ಹೊಗೆ. ಬಾಣಲೆಯ ಅಂಚಿಗೆ ಉರಿ ಹತ್ತಿತ್ತು. ಮುಕ್ತಾ ಸೆರಗು ಮೂಗಿಗೆ ಒತ್ತಿ ಗ್ಯಾಸು ಆರಿಸಿದಳು. ಹಿಟ್ಟು ಕಲಸುವ ದೊಡ್ಡ ಪರಾತ ಎಳೆದು ಬಾಣಲೆಗೆ ಮುಚ್ಚಿದಳು. ಉರಿ ಅಡಗಿತು. ಅವ್ವ ಎಲ್ಲಿ? ಹೊಗೆಯೊಳಗೆ ತಡಕಾಡಿದಳು. ಬಚ್ಚಲುಮನೆಯ ಮುಂದೆ ಗುಲ್ಲವ್ವ ನಾಲ್ಕೂ ಕಾಲು ಊರಿ, ಕುತ್ತಿಗೆ ಚಾಚಿ, ಬಾಯಿ ತೆರೆದು ಮುಚ್ಚುತ್ತಿತ್ತು. ಆ ದನಿಯಿಲ್ಲದ ಬೊಗಳು ಬಾಗಿಲಿಗಲ್ಲ, ತನಗೇ ಎಂದು ಮುಕ್ತಾಳಿಗೆ ತಿಳಿಯಿತು. ಹೋಗಿ ಬಾಗಿಲಿಗೆ ಅಂಗೈ ಇಟ್ಟಳು. ಒಳಗಿನಿಂದ ತಂಬಿಗೆಯ ಹೊಡೆತ ಅವಳ ಕೈಗೆ ಧಡ್ ಧಡ್ ಎಂದು ತಾಕಿತು.

"ಅವ್ವಾ! ನಾ ಬಂದೀನಿ! ಹಿಂದ ಸರಿ!"

ಭುಜ ಕೊಟ್ಟು ದೂಡಿದಳು. ಚಿಲಕ ಕಿತ್ತು ಬಂತು. ಭಾಗೀರಥೀಬಾಯಿ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಹೊರಬಂದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಬೇವಿನ ಕೆಳಗೆ ಕೂರಿಸಿ ನೀರು ಕುಡಿಸಿದ ಮೇಲೆ ಕೆಮ್ಮು ನಿಂತಿತು. ಹೊಗೆ ಕಂಡು ಗೋಡೆ ಹಾರಿ ಬಂದ ಗುಲನಾಜ ಗಾಳಿ ಬೀಸುತ್ತಿದ್ದಳು.

"ನನಗ ಯಾರು ಹೇಳಿದ್ರು ಗೊತ್ತೇನು ಅವ್ವಾ?" ಅಂದಳು ಮುಕ್ತಾ.

ಭಾಗೀರಥೀಬಾಯಿ ಮಗಳ ಕಡೆ ನೋಡಲಿಲ್ಲ. ಗುಲ್ಲವ್ವ ದೂರದಲ್ಲಿ, ತಪ್ಪು ಮಾಡಿದವರಂತೆ ಕಿವಿ ಕೆಳಗೆ ಮಾಡಿ ಕುಳಿತಿತ್ತು. ಮಡಿಸೀರೆಯಲ್ಲೇ ಮುದುಕಿ ಅದರ ಕಡೆ ಕೈ ಚಾಚಿದಳು.

"ಬಾರವ್ವ, ಬಾ. ಹೆದರಬ್ಯಾಡ. ಮಡಿ ಇನ್ನೊಮ್ಮೆ ಉಟ್ಟರಾತು."

ಅಂದಿನಿಂದ ಆ ಮನೆಯ ಯಾವ ಹೊಸ್ತಿಲೂ ಗುಲ್ಲವ್ವನಿಗೆ ಅಡ್ಡವಿರಲಿಲ್ಲ. ದೇವರ ಕೋಣೆಯ ಹೊಸ್ತಿಲೊಂದನ್ನು ಬಿಟ್ಟು. ಅದನ್ನು ಅದು ತಾನಾಗಿಯೇ ದಾಟಲಿಲ್ಲ. ಭಾಗೀರಥೀಬಾಯಿ ಶ್ರಾವಣ ಮುಗಿದರೂ ಸಿಂದಗಿಗೆ ಹೋಗಲಿಲ್ಲ. ಗಣಪತಿ ಹಬ್ಬ ಆಯಿತು, ದಸರೆ ಆಯಿತು. ಮಗಳನ್ನು ಕರೆಯಬೇಕಾದರೆ ಈಗ ಅವಳು ಎದ್ದು ಹೋಗುತ್ತಿರಲಿಲ್ಲ, ಕೂತಲ್ಲಿಂದಲೇ ನಾಯಿಗೆ ಹೇಳುತ್ತಿದ್ದಳು.

ದೀಪಾವಳಿಯ ಮುಂಚೆ ಶ್ರೀವಲ್ಲಭ ಕಾರು ತೆಗೆದುಕೊಂಡು ಬಂದ. ತಾಯಿಯನ್ನು ಕರೆದೊಯ್ಯುವುದಿತ್ತು, ತಂಗಿಯ ಮಾತೂ ಬಾಕಿ ಇತ್ತು. ಅಷ್ಟಮಿಯ ಸುದ್ದಿ ಅವನಿಗೆ ಫೋನಿನಲ್ಲೇ ತಲುಪಿತ್ತು. ಆದರೂ ವಕೀಲ, ಸಾಕ್ಷಿ ಕಣ್ಣಾರೆ ಬೇಕು.

"ತೋರಸು ನೋಡೂಣು," ಅಂದ ತಾಯಿಗೆ.

ಮುಕ್ತಾ ಹಿತ್ತಲಲ್ಲಿ ರಂಗೋಲಿಯ ಪುಡಿಗೆ ಬಣ್ಣ ಕಲಸುತ್ತಿದ್ದಳು. ಭಾಗೀರಥೀಬಾಯಿ ಕುರ್ಚಿಯಲ್ಲಿ ಕೂತೇ ಅಂದಳು: "ಗುಲ್ಲವ್ವಾ, ಮುಕ್ತಾನ್ನ ಕರಿ." ನಾಯಿ ಎದ್ದು ಹೋಯಿತು. ಕೈ ತುಂಬ ಹಸಿರು ಬಣ್ಣದ ಮುಕ್ತಾ ಒಳಗೆ ಬಂದಳು.

"ಏನವ್ವಾ, ಕರೆದಿ?"

ಶ್ರೀವಲ್ಲಭ ಅವಳನ್ನು ಮತ್ತೆ ಹಿತ್ತಲಿಗೆ ಕಳಿಸಿದ. ಈ ಸಲ ತಾನೇ ಹೇಳಿದ. ಗುಲ್ಲವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಾಯಿಯ ಮುಖ ನೋಡಿ, ಆಮೇಲೆ ಹೋಯಿತು. ಮುಕ್ತಾ ಬಂದಳು. ಅವನು ಸಣ್ಣ ಹುಡುಗನಂತೆ ಕೈ ತಟ್ಟಿ ನಕ್ಕ. "ಇನ್ನೊಮ್ಮೆ! ಇನ್ನೊಮ್ಮೆ ಹೋಗು ಮುಕ್ತಾ!" ಎಂದು ತಂಗಿಯನ್ನು ಮತ್ತೆ ಮತ್ತೆ ಹಿತ್ತಲಿಗೆ ಅಟ್ಟಿದ. ಕೊನೆಗೆ ಮುಕ್ತಾಳೇ ಸಾಕಾಗಿ, ಹಸಿರು ಕೈಯಿಂದ ಅವನ ಬೆನ್ನಿಗೆ ಒಂದು ಗುದ್ದಿದಳು.

ಊಟವಾದ ಮೇಲೆ ಅವನು ತಾಯಿಯ ಚೀಲ ಎಲ್ಲಿ ಎಂದು ಕೇಳಿದ.

"ನಾ ಎಲ್ಲಿ ಬರಲಿ?" ಅಂದಳು ಭಾಗೀರಥೀಬಾಯಿ. "ನಿಮ್ಮ ಮನ್ಯಾಗ ನಾ ಕರೆದ್ರ ಯಾರು ಬರ್ತಾರಪಾ? ಕಿವಿ ಕೇಳೋರೆಲ್ಲಾ ಮೊಬೈಲ್ ನೋಡಕೋತ ಕೂಡ್ತೀರಿ. ಇಲ್ಲಿ ಒಂದು ಮಾತಿಗೆ ಬರ್ತಾರ. ಹೋಗಿ ಬಾ. ಹಬ್ಬಕ್ಕ ನೀವೇ ಎಲ್ಲಾರೂ ಇಲ್ಲಿಗೆ ಬರ್ರಿ."

ಕಾರಿನ ಹಿಂದಿನ ಸೀಟು ಖಾಲಿಯೇ ಉಳಿಯಿತು. ಶ್ರೀವಲ್ಲಭ ಬಾಗಿಲು ತೆರೆದು ಒಳಗೆ ಕೂರುವ ಮುಂಚೆ ತಂಗಿಯ ಕಡೆ ತಿರುಗಿದ. ಬೆನ್ನ ಮೇಲೆ ಹಸಿರು ಮುದ್ರೆ ಇನ್ನೂ ಹಾಗೇ ಇತ್ತು. ಮೆಲ್ಲಗೆ, ತುಟಿ ಸ್ಪಷ್ಟ ಕಾಣುವಂತೆ ಅಂದ:

"ಗೆದ್ದಿ ನೀ."

ಮುಕ್ತಾಳಿಗೆ ಪೂರ್ತಿ ತಿಳಿದಿತ್ತು. ಆದರೂ ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದಳು. "ಏನಂದಿ ಅಣ್ಣಾ? ಕೇಳಲಿಲ್ಲ. ಜೋರಾಗಿ ಹೇಳು."

"ಗೆದ್ದಿ ನೀನು!" ಎಂದು ಕೂಗಿದ ವಕೀಲ, ಕೋರ್ಟಿನಲ್ಲಿ ಎಂದೂ ಕೂಗದಷ್ಟು ಗಟ್ಟಿಯಾಗಿ. ಗುಲನಾಜ ಗೋಡೆಯ ಮೇಲಿಂದ ಇಣುಕಿದಳು. ಎದುರು ಮನೆಯ ಕಿಟಕಿ ತೆರೆಯಿತು. ಓಣಿ ಎಲ್ಲ ನೋಡುತ್ತಿರುವಾಗ ಗುಲ್ಲವ್ವ ಬಂದು ಮುಕ್ತಾಳ ಮೊಣಕಾಲಿಗೆ ಒಮ್ಮೆ ದೂಕಿತು. ಮುಕ್ತಾ ನಕ್ಕಳು, ಅವಳ ನಗೆಯೂ ಓಣಿಗೆಲ್ಲ ಕೇಳಿಸಿತು.